ಹತ್ತು ಕೆಲಸದ ಒಂದೇ ಗ್ಯಾಜೆಟ್: ತುರ್ತು ಹೊತ್ತಿಗಾಗಿ ಆರಿಸುವುದು, ಪರೀಕ್ಷಿಸುವುದು, ಇಟ್ಟುಕೊಳ್ಳುವುದು ಹೇಗೆ?

ಟಾರ್ಚು, ರೇಡಿಯೋ, ಸೈರನ್, ಮೊಬೈಲ್ ಚಾರ್ಜರ್, ಬೆನ್ನ ಮೇಲೊಂದು ಸೋಲಾರ್ ಪ್ಯಾನೆಲ್, ಪಕ್ಕದಲ್ಲಿ ತಿರುಗಿಸುವ ಹಿಡಿ, ಮೂಲೆಯಲ್ಲೊಂದು ದಿಕ್ಸೂಚಿ. ಇಷ್ಟೂ ಒಂದೇ ಡಬ್ಬದಲ್ಲಿ. ಇನ್ನೊಂದು ಕಡೆ ಕೈಗೆ ಕಟ್ಟುವ ಹಗ್ಗದ ಬಳೆ, ಅದರ ಬಕಲ್‌ನಲ್ಲೇ ಸೀಟಿ, ಚಕಮಕಿ, ಪುಟ್ಟ ಬ್ಲೇಡು. ಮತ್ತೊಂದು ಕಡೆ ಎಟಿಎಂ ಕಾರ್ಡಿನಷ್ಟು ತೆಳುವಾದ ಉಕ್ಕಿನ ತುಂಡು, ಅದರಲ್ಲೇ ಹತ್ತಾರು ಸಲಕರಣೆ. ಇಂಥವನ್ನು ನಾವಾಗಿ ಕೊಳ್ಳುವುದಕ್ಕಿಂತ ಉಡುಗೊರೆಯಾಗಿ ಬಂದಿದ್ದೇ ಜಾಸ್ತಿ. ಒಂದು ವಾರ ಆಡಿಸುತ್ತೇವೆ. ಆಮೇಲೆ "ಇರಲಿ, ಎಂದಾದರೂ ಬೇಕಾಗುತ್ತದೆ" ಅಂತ ಡ್ರಾಯರ್‌ಗೆ ಹಾಕುತ್ತೇವೆ.

ಬೇಕಾದ ದಿನ ಇವು ಕೈ ಹಿಡಿಯುತ್ತವಾ? ಮೊದಲ ಒಂದೆರಡು ಗಂಟೆಗೆ ಹಿಡಿಯುತ್ತವೆ, ಮೂರು ದಿನಕ್ಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಇವುಗಳ ಬಲ ಇರುವುದು ಕೆಲಸಗಳ ಸಂಖ್ಯೆಯಲ್ಲಿ ಅಲ್ಲ. ಆ ಗಳಿಗೆಯಲ್ಲಿ ಇವು ಜೇಬಿನಲ್ಲೋ ಕೀ ಬಂಚ್‌ನಲ್ಲೋ ಇರುತ್ತವಲ್ಲ, ಅದರಲ್ಲಿ. ಒಳ್ಳೆಯ ದೊಡ್ಡ ಟಾರ್ಚು ಮನೆಯಲ್ಲಿದ್ದು ನೀವು ಲಿಫ್ಟ್‌ನಲ್ಲಿ ಸಿಕ್ಕಿಕೊಂಡಿದ್ದರೆ ಏನು ಪ್ರಯೋಜನ? ಇವುಗಳ ದೌರ್ಬಲ್ಯವೂ ಅಲ್ಲೇ ಇದೆ. ಎಲ್ಲವೂ ಒಂದೇ ಬ್ಯಾಟರಿಗೆ ಜೋತುಬಿದ್ದಿರುತ್ತವೆ. ಅದು ಸತ್ತರೆ ಬೆಳಕು, ಸುದ್ದಿ, ಸೈರನ್ ಮೂರೂ ಒಟ್ಟಿಗೆ ಹೋಗುತ್ತವೆ. ವಸ್ತು ಕಳೆದುಹೋದರೂ ಅಷ್ಟೇ.

ಹಾಗಾಗಿ ಇವನ್ನು ಎಸೆಯುವುದೂ ಬೇಡ, ಕಣ್ಣು ಮುಚ್ಚಿ ನಂಬುವುದೂ ಬೇಡ. ಜರಡಿ ಹಿಡಿಯೋಣ.

ಹಂತ 1: ಸಾಮಾನಿನ ಪಟ್ಟಿ ಬೇಡ, ಕೆಲಸದ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಹೊರಗೆ ಹೋಗಲು ಆಗುತ್ತಿಲ್ಲ ಅಂದುಕೊಳ್ಳಿ. ಆಗ ನಿಮಗೆ ಏನೇನು ಮಾಡಬೇಕಾಗುತ್ತದೆ? ಕತ್ತಲಲ್ಲಿ ಕಾಣಬೇಕು. ಯಾರನ್ನಾದರೂ ಕರೆಯಬೇಕು. ಸುದ್ದಿ ಕೇಳಬೇಕು. ಏನನ್ನೋ ಕತ್ತರಿಸಬೇಕು, ಬಿಚ್ಚಬೇಕು, ಕಟ್ಟಬೇಕು. ಕುಡಿಯಲು ನೀರು ಬೇಕು. ಮೈ ಬೆಚ್ಚಗಿರಬೇಕು.

ಪ್ರತಿ ಕೆಲಸದ ಎದುರು ಯಾರಿಗೆ ಬೇಕು, ಎಷ್ಟು ಹೊತ್ತಿಗೆ ಬೇಕು ಅಂತ ಬರೆಯಿರಿ. ಮನೆಯಲ್ಲಿ ಕೈ ನಡುಗುವ ಹಿರಿಯರಿದ್ದರೆ ಸಣ್ಣ ಗುಂಡಿಯ ಟಾರ್ಚು ಅವರಿಗೆ ಆಗುವುದಿಲ್ಲ. ಪುಟ್ಟ ಮಗುವಿದ್ದರೆ ಬ್ಲೇಡಿರುವ ಬಳೆ ಬೇಡ. ಇದನ್ನು ಮೊದಲೇ ಬರೆದುಕೊಂಡರೆ ಅಂಗಡಿಯಲ್ಲಿ ಡಬ್ಬದ ಮೇಲಿನ ಪಟ್ಟಿ ಓದಿ ಮರುಳಾಗುವುದಿಲ್ಲ.

ಸ್ವಿಸ್ ಸೇನೆಯ ಚಾಕು ಹುಟ್ಟಿದ್ದು ಹೀಗೇ. ಸೈನಿಕ ಡಬ್ಬಿಯ ಊಟ ತೆಗೆಯಬೇಕಿತ್ತು, ಆಗಿನ ಹೊಸ ರೈಫಲ್ ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು. ಅದಕ್ಕೆ ಒಂದು ಬ್ಲೇಡು, ಡಬ್ಬಿ ತೆಗೆಯುವ ಕೊಕ್ಕೆ, ಸ್ಕ್ರೂಡ್ರೈವರ್, ತೂತು ಕೊರೆಯುವ ಮೊಳೆ. ಅಷ್ಟೇ. 1891ರಲ್ಲಿ ಕಾರ್ಲ್ ಎಲ್ಸೆನರ್ ಅದನ್ನು ಸೇನೆಗೆ ಪೂರೈಸಲು ಶುರು ಮಾಡಿದರು. ಕಾರ್ಕ್ ತೆಗೆಯುವ ಸುರುಳಿ ಸೇರಿದ್ದು 1897ರ ಅಧಿಕಾರಿಗಳ ಚಾಕುವಿಗೆ. ಟಿಮ್ ಲೆದರ್‌ಮನ್ ಕಥೆಯೂ ಬೇರೆಯಲ್ಲ. 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಅವರ ಜೇಬಿನಲ್ಲಿ ಚಾಕು ಇತ್ತು, ಇಕ್ಕಳ ಇರಲಿಲ್ಲ. ಆ ಕೊರತೆಯಿಂದಲೇ ಇಕ್ಕಳವಿರುವ ಮಲ್ಟಿಟೂಲ್ ಬಂತು. ಮಾರಾಟಕ್ಕೆ ಇಳಿದಿದ್ದು 1983ರಲ್ಲಿ. ಇವೆರಡೂ ಇವತ್ತಿಗೂ ಉಳಿದಿವೆ ಅಂದರೆ ಕೆಲಸ ಮೊದಲು ಬಂತು, ಸಲಕರಣೆ ಆಮೇಲೆ ಬಂತು.

ಹಂತ 2: ಮೂರು ಗುಂಪು ಮಾಡಿ

ಈಗ ನಿಮ್ಮ ಗ್ಯಾಜೆಟ್ ಎದುರಿಗಿಟ್ಟುಕೊಳ್ಳಿ. ಅದು ಮಾಡುತ್ತೇನೆ ಅನ್ನುವ ಪ್ರತಿ ಕೆಲಸವನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ: ನಿಜವಾಗಿ ಮಾಡುತ್ತದೆ, ಬೇರೆ ಗತಿಯಿಲ್ಲದಾಗ ಪರವಾಗಿಲ್ಲ, ಸುಮ್ನೆ ಅಲಂಕಾರ. ಮೊದಲ ಗುಂಪಿನಲ್ಲಿ ಒಂದಾದರೂ ಇಲ್ಲದಿದ್ದರೆ ಅದು ಆಟಿಕೆ. ತುರ್ತು ಚೀಲದಲ್ಲಿ ಅದಕ್ಕೆ ಜಾಗ ಬೇಡ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡಬೇಕಾದಾಗ ಏನಾಗುತ್ತದೆ? ಚಾಕುವಿನ ಹಿಡಿಯಲ್ಲಿ ಟಾರ್ಚಿದ್ದರೆ ಕೊಯ್ಯುವಾಗ ಬೆಳಕು ಎಲ್ಲೆಲ್ಲೋ ಬೀಳುತ್ತದೆ. ಹಗ್ಗದ ಬಳೆ ಬಿಚ್ಚಿದರೆ ಹಗ್ಗ ಸಿಗುತ್ತದೆ, ಆದರೆ ಅದರಲ್ಲಿದ್ದ ಸೀಟಿ ಮತ್ತು ದಿಕ್ಸೂಚಿ ಸಡಿಲವಾಗಿ ಕೈಗೆ ಬರುತ್ತವೆ, ಕತ್ತಲಲ್ಲಿ ಬಿದ್ದರೆ ಮುಗಿಯಿತು. ರೇಡಿಯೋ ಒಬ್ಬರು ಕೇಳುತ್ತಿರುವಾಗ ಇನ್ನೊಬ್ಬರು ಬಚ್ಚಲಿಗೆ ಹೋಗಬೇಕು, ಟಾರ್ಚು ಮಾತ್ರ ರೇಡಿಯೋದ ಜೊತೆಗೇ ಇದೆ. ಇಂಥ ಜಗಳ ಎಲ್ಲೆಲ್ಲಿ ಬರುತ್ತದೋ ಅಲ್ಲಿ ಒಂದು ಬೇರೆ ವಸ್ತು ಬೇಕು ಅಂತ ಹಾಳೆಯಲ್ಲಿ ಗುರುತು ಹಾಕಿ.

ಹಂತ 3: ಶಕ್ತಿ ಎಲ್ಲಿಂದ ಬರುತ್ತದೆ, ಲೆಕ್ಕ ಹಾಕಿ

ಇದು ಇಡೀ ಮಾರ್ಗದರ್ಶಿಯಲ್ಲಿ ಮುಖ್ಯವಾದ ಹಂತ. ಇಲ್ಲಿ ನಿಧಾನವಾಗಿ ಹೋಗೋಣ.

*ತಿರುಗಿಸುವ ಹಿಡಿ.* ಸಣ್ಣ ಡಬ್ಬದ ಪುಟ್ಟ ಹಿಡಿ ತಿರುಗಿಸಿದರೆ ಉದಾರವಾಗಿ ಲೆಕ್ಕ ಹಿಡಿದರೂ 3 ವ್ಯಾಟ್ ಸಿಗುತ್ತದೆ ಅಂದುಕೊಳ್ಳಿ. ಒಂದು ನಿಮಿಷ ತಿರುಗಿಸಿದರೆ 180 ಜೂಲ್ (1 ವ್ಯಾಟ್ ಒಂದು ಸೆಕೆಂಡು ಬಂದರೆ 1 ಜೂಲ್). ಸಣ್ಣ ಎಲ್‌ಇಡಿ ದೀಪ 0.2 ವ್ಯಾಟ್ ತಿಂದರೆ ಹದಿನೈದು ನಿಮಿಷ ಉರಿಯುತ್ತದೆ. ನಡುವೆ ಸೋರುವುದನ್ನು ಕಳೆದರೂ ಹತ್ತು ನಿಮಿಷ ಖಂಡಿತ. ಇದು ಒಳ್ಳೆಯ ವ್ಯಾಪಾರ. ಸಣ್ಣ ದನಿಯಲ್ಲಿ ರೇಡಿಯೋ ಕೇಳುವುದಕ್ಕೂ ಹೆಚ್ಚು ಕಡಿಮೆ ಇದೇ ಲೆಕ್ಕ.

ಮೊಬೈಲ್‌ಗೆ ಬಂದರೆ ಕಥೆ ಬೇರೆ. 4000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 15 ವ್ಯಾಟ್-ಅವರ್ (1 ವ್ಯಾಟ್ ಒಂದು ಗಂಟೆ ಬಂದರೆ 1 ವ್ಯಾಟ್-ಅವರ್). 3 ವ್ಯಾಟ್‌ನಲ್ಲಿ ತುಂಬಲು ಒಂದು ಹನಿಯೂ ಸೋರದಿದ್ದರೂ 5 ಗಂಟೆ ಬಿಡದೆ ತಿರುಗಿಸಬೇಕು. ನಿಜದಲ್ಲಿ ಇನ್ನೂ ಜಾಸ್ತಿ. ಹತ್ತು ನಿಮಿಷ ತಿರುಗಿಸಿದರೆ ಶೇಕಡಾ 2 ಅಥವಾ 3 ಏರಬಹುದು, ಅಷ್ಟರಲ್ಲಿ ತೋಳು ಬೇಡ ಅನ್ನುತ್ತದೆ. ಹಾಗಂತ ಅದು ವ್ಯರ್ಥವಲ್ಲ. ಕರೆ ಹೋಗದ ಕಡೆ ಒಂದು ಮೆಸೇಜ್ ಹೋಗುತ್ತದೆ, ಅದಕ್ಕೆ ಆ 2 ಶೇಕಡಾ ಸಾಕು. ಒಂದು ಎಚ್ಚರ: ಮೊಬೈಲ್ ಪೂರ್ತಿ ಸತ್ತ ಮೇಲೆ ತಿರುಗಿಸಲು ಕೂರಬೇಡಿ. ಅದು ಮತ್ತೆ ಆನ್ ಆಗುವುದಕ್ಕೇ ಒಂದಿಷ್ಟು ಶಕ್ತಿ ನುಂಗುತ್ತದೆ. ಹತ್ತು ಶೇಕಡಾ ಉಳಿದಿರುವಾಗಲೇ ಶುರು ಮಾಡಿ.

ಇನ್ನೊಂದು ವಿಷಯ ಡಬ್ಬದ ಮೇಲೆ ಬರೆದಿರುವುದಿಲ್ಲ. ಬ್ರಿಟನ್ನಿನ ಟ್ರೆವರ್ ಬೇಲಿಸ್ ಅವರಿಗೆ 1991ರಲ್ಲಿ ಕೀಲಿ ಕೊಡುವ ರೇಡಿಯೋದ ಯೋಚನೆ ಬಂದಾಗ ಅದರೊಳಗೆ ಶಕ್ತಿ ಕೂಡಿಟ್ಟಿದ್ದು ಉಕ್ಕಿನ ಸ್ಪ್ರಿಂಗ್. ಬ್ಯಾಟರಿಯೇ ಇರಲಿಲ್ಲ. ಈಗಿನ ಹೆಚ್ಚಿನ ಡಬ್ಬಗಳಲ್ಲಿ ಹಿಡಿ ತಿರುಗಿಸಿದರೆ ತುಂಬುವುದು ಒಳಗಿನ ಲಿಥಿಯಂ ಸೆಲ್. ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಬಿದ್ದು ಆ ಸೆಲ್ ಸತ್ತರೆ ಎಷ್ಟು ತಿರುಗಿಸಿದರೂ ಉಳಿಯುವುದಿಲ್ಲ. ಹಿಡಿ ಬಿಟ್ಟ ತಕ್ಷಣ ದೀಪ ಆರುತ್ತದೆ. "ಬ್ಯಾಟರಿ ಬೇಡವೇ ಬೇಡ" ಅನ್ನುವ ಮಾತನ್ನು ಹಾಗಾಗಿ ಅರ್ಧ ಮಾತ್ರ ನಂಬಿ. ಕೊಳ್ಳುವವರಿದ್ದರೆ ಹಿಡಿಯ ಜೊತೆಗೆ ಪೆನ್ಸಿಲ್ ಸೆಲ್ ಹಾಕುವ ಜಾಗವೂ ಇರುವ ಡಬ್ಬ ಆರಿಸಿ. ಎರಡು ದಾರಿ ಇದ್ದರೆ ಒಂದು ಮುಚ್ಚಿದರೂ ಇನ್ನೊಂದು ಇರುತ್ತದೆ.

*ಸೋಲಾರ್ ಪ್ಯಾನೆಲ್.* ನೆತ್ತಿಯ ಬಿಸಿಲಿನಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತದೆ. ಪವರ್ ಬ್ಯಾಂಕಿನ ಬೆನ್ನ ಮೇಲಿನ ಪ್ಯಾನೆಲ್ 10 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಅದರ ಪಾಲಿಗೆ ಬರುವುದು 5 ವ್ಯಾಟ್. ಅದರಲ್ಲಿ ಐದನೇ ಒಂದು ಭಾಗ ವಿದ್ಯುತ್ ಆದರೆ 1 ವ್ಯಾಟ್. ಅದೂ ಮೋಡವಿಲ್ಲದೆ, ಪ್ಯಾನೆಲ್ ಸೂರ್ಯನಿಗೆ ನೇರ ಇದ್ದರೆ. 10,000 ಎಂಎಎಚ್ ಪವರ್ ಬ್ಯಾಂಕಿನ ಹೊಟ್ಟೆ 37 ವ್ಯಾಟ್-ಅವರ್. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು ಸಿಕ್ಕರೂ ಒಂದು ವಾರ ದಾಟುತ್ತದೆ. ಜೊತೆಗೆ ಲಿಥಿಯಂ ಬ್ಯಾಟರಿಯನ್ನೇ ಬಿಸಿಲಿಗಿಟ್ಟು ಕಾಯಿಸುತ್ತಿರುತ್ತೀರಿ, ಅದಕ್ಕೆ ಶಾಖ ಆಗದು. 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡುವುದು ಸಾಮಾನ್ಯವಾಗಿ ಈ ಬ್ಯಾಟರಿಗಳಿಗೆ ಒಳ್ಳೆಯದಲ್ಲ. ಇಂಥ ಪುಟ್ಟ ಪ್ಯಾನೆಲ್ಲನ್ನು ನಾನು ಅಲಂಕಾರದ ಗುಂಪಿಗೇ ಹಾಕುತ್ತೇನೆ. ಬಿಸಿಲಿನಿಂದ ಚಾರ್ಜ್ ಮಾಡಲೇಬೇಕು ಅಂದರೆ ಮಡಚುವ ದೊಡ್ಡ ಪ್ಯಾನೆಲ್ ಬೇರೆಯಾಗಿ ಕೊಳ್ಳಿ. ಪ್ಯಾನೆಲ್ ಬಿಸಿಲಿನಲ್ಲಿರಲಿ, ಬ್ಯಾಟರಿ ನೆರಳಿನಲ್ಲಿರಲಿ.

*ಪವರ್ ಬ್ಯಾಂಕ್.* 10,000 ಎಂದು ಬರೆದಿದ್ದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಹೊರಗೆ 5 ವೋಲ್ಟ್‌ನಲ್ಲಿ ಬರುವಾಗ ಅದು 6000ದಿಂದ 6500ಕ್ಕೆ ಇಳಿಯುತ್ತದೆ. ಮೋಸ ಅಲ್ಲ, ಲೆಕ್ಕದ ರೀತಿಯೇ ಹಾಗೆ. ಆದರೆ ನಿಮ್ಮ ಯೋಜನೆಯಲ್ಲಿ ಸಣ್ಣ ಸಂಖ್ಯೆಯನ್ನೇ ಹಿಡಿಯಿರಿ.

ರೇಡಿಯೋ, ಟಾರ್ಚು, ಚಾರ್ಜರ್ ಮೂರೂ ಇರುವ ಡಬ್ಬದಲ್ಲಿ ಬ್ಯಾಟರಿ ಚಿಕ್ಕದೇ ಇರುತ್ತದೆ. ಅದರಿಂದ ಮೊಬೈಲ್ ಚಾರ್ಜ್ ಮಾಡಿದರೆ ರೇಡಿಯೋಗೆ ಉಳಿಯುವುದಿಲ್ಲ. ನನ್ನ ಸಲಹೆ ಇದು: ಆ ಡಬ್ಬ ಸುದ್ದಿಗೆ ಮತ್ತು ಬೆಳಕಿಗೆ ಮೀಸಲು. ಮೊಬೈಲ್‌ಗೆ ಬೇರೆ ಪವರ್ ಬ್ಯಾಂಕ್.

ಹಂತ 4: ಒಂದೊಂದೇ ಭಾಗ ಪರೀಕ್ಷೆ ಮಾಡಿ

*ರೇಡಿಯೋ.* ಮೊದಲು ಯಾವ ಬ್ಯಾಂಡ್ ಇದೆ ನೋಡಿ. ಅನೇಕ ಡಬ್ಬಗಳಲ್ಲಿ ಎಎಂ, ಎಫ್‌ಎಂ ಜೊತೆಗೆ ಡಬ್ಲ್ಯೂಬಿ ಅಂತ ಇರುತ್ತದೆ. ಅದು 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ಹವಾಮಾನ ಚಾನೆಲ್‌ಗಳು, ಅಮೆರಿಕ ಮತ್ತು ಕೆನಡಾದವು. ಬೇರೆ ಕಡೆ ಇರುವವರಿಗೆ ಅಲ್ಲಿ ಬರೀ ಗೊರಗೊರ ಶಬ್ದ. ಆ ಒಂದು ಗುಂಡಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಆಮೇಲೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ಯಾವ ಸ್ಟೇಷನ್ ಸಿಗುತ್ತದೆ ಅಂತ ಹುಡುಕಿ. ಎಫ್‌ಎಂಗೆ ಉದ್ದದ ಆಂಟೆನಾ ಎಳೆಯಬೇಕು. ಎಎಂ ಆಂಟೆನಾ ಸಾಮಾನ್ಯವಾಗಿ ಡಬ್ಬದ ಒಳಗೇ ಇರುತ್ತದೆ, ಅದಕ್ಕೆ ಡಬ್ಬವನ್ನೇ ಅತ್ತಿತ್ತ ತಿರುಗಿಸಬೇಕು. ರಾತ್ರಿ ಎಎಂ ಬಹಳ ದೂರದಿಂದ ಬರುತ್ತದೆ. ಹತ್ತಿರದ ಎಫ್‌ಎಂ ಕೇಂದ್ರ ನಿಂತುಹೋದಾಗ ಅದೇ ಗತಿ. ಸಿಕ್ಕಿದ ಎರಡು ಮೂರು ಸ್ಟೇಷನ್‌ಗಳ ನಂಬರ್ ಒಂದು ತುಂಡು ಟೇಪ್ ಮೇಲೆ ಬರೆದು ಬೆನ್ನಿಗೆ ಅಂಟಿಸಿ.

*ದಿಕ್ಸೂಚಿ.* ಜೋಡಿಸುವುದರಿಂದಲೇ ಕೆಡುವ ವಸ್ತು ಇದು. ರೇಡಿಯೋದ ಸ್ಪೀಕರ್‌ನಲ್ಲಿ ಅಯಸ್ಕಾಂತ ಇರುತ್ತದೆ. ಅದರ ಪಕ್ಕದಲ್ಲೇ ದಿಕ್ಸೂಚಿ ಕೂರಿಸಿದರೆ ಮುಳ್ಳು ತೋರಿಸುವುದು ಉತ್ತರವನ್ನಲ್ಲ, ಸ್ಪೀಕರನ್ನು! ಬಳೆಯ ಬಕಲ್‌ನಲ್ಲಿ ಉಕ್ಕಿನ ಬ್ಲೇಡು ಪಕ್ಕದಲ್ಲಿದ್ದರೂ ಅದೇ ತೊಂದರೆ. ಪರೀಕ್ಷೆ ಸುಲಭ. ಕಬ್ಬಿಣ ಇಲ್ಲದ ಮರದ ಮೇಜಿನ ಮೇಲೆ ಗ್ಯಾಜೆಟ್ ಇಡಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು ಒಂದೇ ದಿಕ್ಕಿಗೆ ನಿಂತಿರಬೇಕು. ಡಬ್ಬದ ಜೊತೆ ತಾನೂ ತಿರುಗಿದರೆ ಅದನ್ನು ಮರೆತುಬಿಡಿ. ಬಲವಾದ ಅಯಸ್ಕಾಂತದ ಹತ್ತಿರ ಇಟ್ಟ ಗುಂಡಿ ದಿಕ್ಸೂಚಿ ಒಮ್ಮೊಮ್ಮೆ ಪೂರ್ತಿ ಉಲ್ಟಾ ಆಗುತ್ತದೆ, ಉತ್ತರದ ತುದಿ ದಕ್ಷಿಣ ತೋರಿಸುತ್ತದೆ. ಬೆಳಗಿನ ಸೂರ್ಯನ ಜೊತೆ ಒಮ್ಮೆ ತಾಳೆ ನೋಡಿ.

*ಸೀಟಿ.* ಇಡೀ ಪಟ್ಟಿಯಲ್ಲಿ ನನಗೆ ಜಾಸ್ತಿ ನಂಬಿಕೆ ಇದರ ಮೇಲೆ. ಬ್ಯಾಟರಿ ಬೇಡ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಊದಬಹುದು. ಒಳಗೆ ಗುಂಡು ಇಲ್ಲದ ಸೀಟಿಯನ್ನೇ ಆರಿಸಿ. ಗುಂಡು ಇದ್ದರೆ ಎಂಜಲು, ಮಣ್ಣು, ಚಳಿಗೆ ಅದು ಸಿಕ್ಕಿಕೊಳ್ಳುತ್ತದೆ. ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ಪಂದ್ಯದ ನಡುವೆ ಹಾಗೇ ಆಯಿತು. ಆಮೇಲೆ ಅವರು ಗುಂಡಿಲ್ಲದ ಸೀಟಿ ಮಾಡಿಸಿ 1987ರಲ್ಲಿ ಫಾಕ್ಸ್ 40 ಹೆಸರಿನಲ್ಲಿ ತಂದರು. ಬಳೆಯ ಬಕಲ್‌ನಲ್ಲಿ ಕೆತ್ತಿದ ಸೀಟಿ ಸಾಮಾನ್ಯವಾಗಿ ಕುಯ್ ಅನ್ನುತ್ತದೆ ಅಷ್ಟೇ. ಒಬ್ಬರನ್ನು ಬೀದಿಯ ಆ ತುದಿಗೆ ಕಳಿಸಿ ಊದಿ ನೋಡಿ. ಕೇಳದಿದ್ದರೆ ಪ್ರತ್ಯೇಕ ಸೀಟಿ ಕೊಂಡು ಅದೇ ಬಳೆಗೆ ಕಟ್ಟಿ.

ಊದುವ ಕ್ರಮವನ್ನೂ ಮನೆಯವರಿಗೆ ಹೇಳಿಕೊಡಿ. ಮೂರು ಸಲ ಊದಿದರೆ ಸಹಾಯ ಬೇಕು ಅಂತ ಬಹಳ ಕಡೆ ಅರ್ಥವಾಗುತ್ತದೆ. ಪರ್ವತ ಪ್ರದೇಶಗಳ ಸಂಕೇತ ಬೇರೆ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ. ಟಾರ್ಚಿನ ಬೆಳಕಿನಲ್ಲೂ ಇದೇ ಲೆಕ್ಕ ನಡೆಯುತ್ತದೆ.

*ಟಾರ್ಚು.* "20 ಗಂಟೆ ಉರಿಯುತ್ತದೆ" ಅನ್ನುವ ಬರಹದ ಹಿಂದೆ ಒಂದು ಗುಟ್ಟಿದೆ. ಟಾರ್ಚುಗಳಿಗಿರುವ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡದಲ್ಲಿ ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಹೊತ್ತನ್ನೆಲ್ಲ ಸೇರಿಸಿ ಎಣಿಸುತ್ತಾರೆ. ಕೊನೆಯ ಗಂಟೆಗಳಲ್ಲಿ ಅದು ಮಿಣುಕು ದೀಪ. ಗುಂಡಿಯನ್ನೂ ನೋಡಿ. ಒಂದೇ ಗುಂಡಿ ಒತ್ತಿ ಒತ್ತಿ ಜೋರು, ಮಂದ, ಮಿಟುಕು, ಸೈರನ್ ಎಲ್ಲ ದಾಟಿ ಆರಿಸಬೇಕಾದ ಟಾರ್ಚು ಮಲಗಿದ ಮಗುವಿನ ಪಕ್ಕದಲ್ಲಿ ಎಷ್ಟು ಕಷ್ಟ ಅಂತ ಊಹಿಸಿ. ನೀರಿನ ವಿಷಯಕ್ಕೆ ಐಪಿಎಕ್ಸ್4 ಅಂದರೆ ಸಿಡಿದ ಹನಿ ತಡೆಯುತ್ತದೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಏನೂ ಬರೆದಿಲ್ಲ ಅಂದರೆ ಮಳೆಗೆ ತರಬೇಡಿ.

*ಹಗ್ಗದ ಬಳೆ.* ಪ್ಯಾರಾಕಾರ್ಡ್ 550 ಅಂದರೆ 550 ಪೌಂಡ್, ಸುಮಾರು 250 ಕೆಜಿ ಎಳೆತ ತಡೆಯುವ ಹಗ್ಗ. ಅಸಲಿ ಹಗ್ಗದ ಒಳಗೆ 7ರಿಂದ 9 ಎಳೆಗಳು ಇರುತ್ತವೆ. ತುದಿ ಸ್ವಲ್ಪ ಕತ್ತರಿಸಿ ನೋಡಿ. ಒಳಗೆ ಹತ್ತಿಯಂಥ ತುಂಬುವಿಕೆ ಇದ್ದರೆ ನಕಲಿ. ಅಸಲಿಯಾದರೂ ಅದರಲ್ಲಿ ಮನುಷ್ಯರನ್ನು ಇಳಿಸುವ ಸಾಹಸ ಬೇಡ. ಮುರಿದ ಕೈಗೆ ಪಟ್ಟಿ ಕಟ್ಟಲು, ಟಾರ್ಪಾಲಿನ್ ಬಿಗಿಯಲು, ಚೀಲ ಕಟ್ಟಲು ಅದು ಸಾಕು.

*ಚಕಮಕಿ.* ಹೊಸ ಕಡ್ಡಿಯ ಮೇಲಿನ ಕಪ್ಪು ಬಣ್ಣ ಮೊದಲು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕಿಡಿ ಹಾರುವುದೇ ಇಲ್ಲ. ಕಿಡಿ ಬಂದರೂ ಹತ್ತಿಕೊಳ್ಳುವ ವಸ್ತು ಒಣಗಿರಬೇಕು. ವ್ಯಾಸಲೀನ್ ಸವರಿದ ಹತ್ತಿ ಚೆನ್ನಾಗಿ ಹತ್ತುತ್ತದೆ. ಸತ್ಯ ಹೇಳಬೇಕೆಂದರೆ ಒಂದು ಲೈಟರ್ ಇದ್ದರೆ ಇದರ ಗೋಜೇ ಬೇಡ. ಭೂಕಂಪ ಆದ ಮೇಲಂತೂ ಗ್ಯಾಸ್ ಸೋರಿರಬಹುದು. ಕಿಡಿ, ಬೆಂಕಿ ಎರಡೂ ಬೇಡ. ಟಾರ್ಚನ್ನೂ ಮನೆಯ ಹೊರಗೇ ಆನ್ ಮಾಡಿ ಒಳಗೆ ಹೋಗಿ.

*ಕಾರಿನ ಗಾಜು ಒಡೆಯುವ, ಬೆಲ್ಟ್ ಕತ್ತರಿಸುವ ಜೋಡಿ.* ಇದು ಜೀವದ ವಿಷಯ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ಅಮೆರಿಕದ ಎಎಎ ಎಂಬ ವಾಹನ ಸಂಘ 2019ರಲ್ಲಿ ಇಂಥ ಆರು ಸಲಕರಣೆ ಪರೀಕ್ಷಿಸಿತು. ಟೆಂಪರ್ಡ್ ಗಾಜನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಸುತ್ತಿಗೆಯಂಥವಕ್ಕಿಂತ ಸ್ಪ್ರಿಂಗ್ ಇರುವವು ಚೆನ್ನಾಗಿ ಕೆಲಸ ಮಾಡಿದವು. ಟೆಂಪರ್ಡ್ ಗಾಜು ಪುಡಿಪುಡಿಯಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಇವತ್ತೇ ಹೋಗಿ ನಿಮ್ಮ ಕಾರಿನ ಪ್ರತಿ ಕಿಟಕಿಯ ಮೂಲೆಯಲ್ಲಿರುವ ಸಣ್ಣ ಅಕ್ಷರ ಓದಿ. ಯಾವ ಕಿಟಕಿ ಟೆಂಪರ್ಡ್ ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ನೀರಿಗೆ ಬಿದ್ದರೆ ಕ್ರಮ ಇದು: ಬೆಲ್ಟ್ ಬಿಚ್ಚಿ ಅಥವಾ ಕತ್ತರಿಸಿ, ಕಿಟಕಿಯ ಗುಂಡಿ ಒತ್ತಿ ಇಳಿಸಲು ನೋಡಿ, ಇಳಿಯದಿದ್ದರೆ ಗಾಜಿನ ಮೂಲೆಗೆ ಹೊಡೆಯಿರಿ, ಹೊರಗೆ ಬನ್ನಿ. ಫೋನ್ ಆಮೇಲೆ. ಬೆಲ್ಟ್ ಕತ್ತರಿಸುವ ಬ್ಲೇಡನ್ನು ಹಳೆಯ ಚೀಲದ ಪಟ್ಟಿಯ ಮೇಲೆ ಒಮ್ಮೆ ಎಳೆದು ನೋಡಿ. ಕೊಯ್ಯುತ್ತಾ, ಬರೀ ಉಜ್ಜುತ್ತಾ ಅಂತ ಅಲ್ಲೇ ಗೊತ್ತಾಗುತ್ತದೆ.

*ಕಾರ್ಡ್ ಸಲಕರಣೆ.* ಹಿಡಿ ಇಲ್ಲ. ಸ್ಕ್ರೂ ಬಿಗಿಯಾಗಿದ್ದರೆ ಅಂಚು ಅಂಗೈಗೆ ಒತ್ತುತ್ತದೆ. ಡಬ್ಬಿ ತೆಗೆಯಲು, ಟೇಪ್ ಕೊಯ್ಯಲು ಪರವಾಗಿಲ್ಲ. ಇಕ್ಕಳವಿರುವ ಮಲ್ಟಿಟೂಲ್ ಇದರ ಹತ್ತರಷ್ಟು ಮೇಲು.

*ನೀರು ಸೋಸುವ ಸ್ಟ್ರಾ.* 0.2 ಮೈಕ್ರಾನ್ ರಂಧ್ರದ ಟೊಳ್ಳು ನಾರಿನ ಸ್ಟ್ರಾ ಬ್ಯಾಕ್ಟೀರಿಯಾ ಮತ್ತು ಏಕಕೋಶ ಪರಾವಲಂಬಿಗಳನ್ನು ತಡೆಯುತ್ತದೆ. ವೈರಸ್, ಉಪ್ಪು, ರಾಸಾಯನಿಕ ತಡೆಯುವುದಿಲ್ಲ. ಒಮ್ಮೆ ಒದ್ದೆಯಾದ ಮೇಲೆ ಹೆಪ್ಪುಗಟ್ಟಿದರೆ ಅದರ ಕಥೆ ಮುಗಿಯಿತು. ಕುದಿಸಲು ಸಾಧ್ಯವಾದರೆ ಅದೇ ಒಳ್ಳೆಯದು: ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ.

ದೀಪ, ಹೀಟರ್, ಒಲೆ ಮೂರೂ ಸೇರಿದ ಗ್ಯಾಸ್ ಗ್ಯಾಜೆಟ್‌ಗಳ ಬಗ್ಗೆ ಒಂದೇ ಮಾತು. ಮುಚ್ಚಿದ ಕೋಣೆಯಲ್ಲಿ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಂತ 5: ಎಲ್ಲಿಡಬೇಕು ಅಂತ ತೀರ್ಮಾನಿಸಿ

ಮೈ ಮೇಲೆ: ಕೀ ಬಂಚ್‌ನಲ್ಲಿ ಪುಟ್ಟ ಟಾರ್ಚು ಮತ್ತು ಸೀಟಿ. ಇವೆರಡು ಸಾಕು. ಇನ್ನೂ ಸೇರಿಸಿದರೆ ಗೊಂಚಲು ಭಾರವಾಗಿ ನೀವೇ ಮನೆಯಲ್ಲಿ ಬಿಟ್ಟು ಹೋಗುತ್ತೀರಿ.

ದಿನದ ಚೀಲದಲ್ಲಿ: ಸಣ್ಣ ಪವರ್ ಬ್ಯಾಂಕ್, ಅದರ ಕೇಬಲ್, ಮಲ್ಟಿಟೂಲ್. ವಿಮಾನ ಹತ್ತುವ ದಿನ ಮಲ್ಟಿಟೂಲ್ ತೆಗೆದಿಡಿ, ಬ್ಲೇಡ್ ಇರುವ ಕಾರ್ಡನ್ನೂ ತೆಗೆದಿಡಿ, ಇಲ್ಲದಿದ್ದರೆ ತಪಾಸಣೆಯಲ್ಲಿ ಹೋಗುತ್ತದೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗಿನದಕ್ಕೆ ತಕರಾರು ಇರುವುದಿಲ್ಲ.

ಕಾರಿನಲ್ಲಿ: ಗಾಜಿನ ಸಲಕರಣೆ ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗುವ ಕಡೆ. ಡಿಕ್ಕಿಯಲ್ಲಿ ಇಟ್ಟರೆ ಇಲ್ಲದ ಹಾಗೇ ಲೆಕ್ಕ. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯ ಯಾವುದನ್ನೂ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಅಲ್ಲಿಗೆ ಬೇಕಾದ ಟಾರ್ಚು ಲಿಥಿಯಂ ಪೆನ್ಸಿಲ್ ಸೆಲ್ಲಿನದಿರಲಿ. ಇವು ಚಾರ್ಜ್ ಮಾಡುವ ಜಾತಿಯಲ್ಲ, ಒಮ್ಮೆ ಬಳಸಿ ಬಿಡುವಂಥವು. ಶಾಖಕ್ಕೆ ಚೆನ್ನಾಗಿ ತಡೆಯುತ್ತವೆ.

ಮನೆಯಲ್ಲಿ: ಹಿಡಿ ತಿರುಗಿಸುವ ರೇಡಿಯೋ ಡಬ್ಬ, ಕತ್ತಲಲ್ಲೂ ಕೈಗೆ ಸಿಗುವ ಒಂದೇ ಜಾಗದಲ್ಲಿ. ಬೀಗ ಹಾಕಿದ ಬೀರುವಿನಲ್ಲಿ ಬೇಡ.

ಹಂತ 6: ಉಳಿದ ತೂತುಗಳನ್ನು ಮುಚ್ಚಿ

ಹಂತ 1ರ ಹಾಳೆ ಮತ್ತೆ ತೆಗೆಯಿರಿ. ಗ್ಯಾಜೆಟ್ ಮಾಡಲಾರದ ಕೆಲಸಗಳು ಎದ್ದು ಕಾಣುತ್ತವೆ. ಕುಡಿಯುವ ನೀರು ಅದರಿಂದ ಬರುವುದಿಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಹಾಗೆ ಮೂರು ದಿನದ್ದು ಕೂಡಿಡಿ. ದಿನಾ ತೆಗೆದುಕೊಳ್ಳುವ ಮಾತ್ರೆ, ಕಾಗದದಲ್ಲಿ ಬರೆದ ಫೋನ್ ನಂಬರ್‌ಗಳು, ಮುಖ್ಯ ಕಾಗದಪತ್ರಗಳ ಪ್ರತಿ, ಗಾಯಕ್ಕೆ ಬ್ಯಾಂಡೇಜು, ಒಂದಿಷ್ಟು ನಗದು. ಇವು ಯಾವುವೂ ಚಂದದ ಡಬ್ಬದಲ್ಲಿ ಬರುವುದಿಲ್ಲ, ಉಡುಗೊರೆಯಾಗಿಯೂ ಬರುವುದಿಲ್ಲ.

ಬೆಳಕಿಗೆ ಒಂದು ತಲೆಗೆ ಕಟ್ಟುವ ಟಾರ್ಚು ಸೇರಿಸಿ. ಎರಡೂ ಕೈ ಖಾಲಿ ಇರುತ್ತವೆ ಅನ್ನುವ ಒಂದೇ ಕಾರಣಕ್ಕೆ ನಾನು ಐದು ಕೆಲಸದ ಟಾರ್ಚಿಗಿಂತ ಇದನ್ನೇ ಮೊದಲು ಆರಿಸುತ್ತೇನೆ. ಸಾಧ್ಯವಾದಷ್ಟೂ ಎಲ್ಲ ಸಲಕರಣೆಗೂ ಒಂದೇ ಅಳತೆಯ ಸೆಲ್ ಇರಲಿ. ಆಗ ರೇಡಿಯೋದ ಸೆಲ್ ತೆಗೆದು ಟಾರ್ಚಿಗೆ ಹಾಕಬಹುದು.

ಹಂತ 7: ಒಂದು ಸಂಜೆ ಮೇನ್ ಸ್ವಿಚ್ ಆರಿಸಿ

ಮನೆಯವರಿಗೆಲ್ಲ ಮೊದಲೇ ಹೇಳಿ. ಊಟಕ್ಕೆ ಮುಂಚೆ ಸ್ವಿಚ್ ಆರಿಸಿ, ಮೊಬೈಲ್‌ಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಎರಡು ಗಂಟೆ ಹಾಗೇ ಇರಿ. ಅಡುಗೆಮನೆಯಲ್ಲಿ ಒಬ್ಬರು, ರೇಡಿಯೋ ಹತ್ತಿರ ಒಬ್ಬರು, ಮೆಟ್ಟಿಲ ಮೇಲೆ ಒಬ್ಬರು ಒಂದೇ ಟಾರ್ಚಿಗಾಗಿ ಕೂಗಾಡುತ್ತೀರಿ. ಹಂತ 2ರಲ್ಲಿ ಕಾಗದದ ಮೇಲೆ ಕಂಡಿದ್ದು ಇಲ್ಲಿ ಕಿವಿಗೆ ಕೇಳುತ್ತದೆ. ಟಾರ್ಚನ್ನು ಬಿಳಿ ಚಾವಣಿಗೆ ತಿರುಗಿಸಿ ನಿಲ್ಲಿಸಿ ನೋಡಿ, ಇಡೀ ಕೋಣೆಗೆ ಹದವಾದ ಬೆಳಕು ಹರಡುತ್ತದೆ.

ಇದೇ ಸಂಜೆ ಪ್ರತಿಯೊಬ್ಬರೂ ಪ್ರತಿ ಗ್ಯಾಜೆಟ್ಟನ್ನೂ ಒಮ್ಮೆ ಆನ್ ಮಾಡಬೇಕು. ಕೊಂಡವರಿಗೆ ಮಾತ್ರ ಬರುತ್ತದೆ ಅಂದರೆ ಅವರು ಮನೆಯಲ್ಲಿ ಇಲ್ಲದ ದಿನ ಅದು ಇಟ್ಟಿಗೆ. ಅಜ್ಜಿಗೆ ಹಿಡಿ ತಿರುಗಿಸಲು ಆಗುತ್ತದಾ? ಮಗುವಿಗೆ ಸೀಟಿ ಊದಲು ಬರುತ್ತದಾ? ಆಗದಿದ್ದರೆ ಅವರಿಗೆ ಬೇರೆ ಏನು ಕೊಡಬೇಕು ಅಂತ ಅಲ್ಲೇ ಮಾತಾಡಿ ಮುಗಿಸಿ.

ಹಂತ 8: ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ

ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ನಿಧಾನವಾಗಿ ಖಾಲಿಯಾಗುತ್ತದೆ. ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಹಾಳಾಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಚಾರ್ಜ್ ಮಾಡಿ. ಕೇಬಲ್‌ನಿಂದ ಮಾಡಿ, ಹಿಡಿಯಿಂದ ಅಲ್ಲ. ಹಿಡಿಯನ್ನು ಒಂದು ನಿಮಿಷ ತಿರುಗಿಸಿ ದೀಪ ಉರಿಯುತ್ತಲೇ ಇರುತ್ತದಾ ಅಂತ ಮಾತ್ರ ನೋಡಿ. ಹಿಡಿ ಬಿಟ್ಟೊಡನೆ ಆರಿದರೆ ಒಳಗಿನ ಸೆಲ್ ಮುಗಿದಿದೆ.

ಆಲ್ಕಲೈನ್ ಪೆನ್ಸಿಲ್ ಸೆಲ್‌ಗಳನ್ನು ಸಲಕರಣೆಯ ಒಳಗೇ ಬಿಡಬೇಡಿ. ಸೋರಿದರೆ ಒಳಗಿನ ತಗಡು ತಿಂದು ಹಾಕುತ್ತದೆ. ಹೊರಗೆ ತೆಗೆದು, ಟೇಪ್‌ನಿಂದ ಸಲಕರಣೆಗೇ ಕಟ್ಟಿ ಇಡಿ. ಬೇಕಾದಾಗ ಹುಡುಕುವ ಕೆಲಸ ಇರುವುದಿಲ್ಲ.

ಕೀ ಚೈನ್ ಟಾರ್ಚುಗಳಲ್ಲಿ ಬಿಲ್ಲೆಯಂಥ ಸೆಲ್ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಟಾರ್ಚನ್ನು ಮಕ್ಕಳ ಕೈಗೆ ಕೊಡಬೇಡಿ. ಉಡುಗೊರೆ ಚೀಲದಲ್ಲಿ ಬರುವ ಅಗ್ಗದವು ಹೆಚ್ಚಾಗಿ ಇಂಥವೇ.

ಪವರ್ ಬ್ಯಾಂಕನ್ನು ಮೇಜಿನ ಮೇಲೆ ಮಲಗಿಸಿ ನೋಡಿ. ಸಮವಾಗಿ ಕೂರದೆ ಅಲುಗಾಡಿದರೆ, ಹೊಟ್ಟೆ ಊದಿದ್ದರೆ, ಸಿಹಿಯಂಥ ರಾಸಾಯನಿಕ ವಾಸನೆ ಬಂದರೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೂ ಎಸೆಯಬೇಡಿ. ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಆದಷ್ಟು ಬೇಗ ಕೊಟ್ಟುಬಿಡಿ. ಪರೀಕ್ಷಿಸಿದ ತಾರೀಖನ್ನು ಪ್ರತಿ ಸಲಕರಣೆಯ ಟೇಪಿನ ಮೇಲೆ ಬರೆದು, ಮುಂದಿನ ತಾರೀಖಿಗೆ ಮೊಬೈಲ್‌ನಲ್ಲಿ ಅಲಾರಂ ಇಡಿ.